ಮೊರದಲ್ಲಿ ಉಳಿದವರು

"ಕೇಳಿರಿ ಪ್ರಜೆಗಳೇ! ವೀರಮಲ್ಲರಸರು ಮೂರು ಒಗಟು ಒಡ್ಡುತ್ತಾರೆ. ಮೂರನ್ನೂ ಬಿಡಿಸಿದವರು ಅರಮನೆಯಲ್ಲಿ ಇರುವುದರಲ್ಲಿ ಯಾವುದಾದರೂ ಒಂದನ್ನು ಆರಿಸಿಕೊಳ್ಳಬಹುದು. ತಪ್ಪಿದವರ ತಲೆ ಸಂಜೆಗೆ ಉರುಳುತ್ತದೆ."

ಎಂಥ ಧಾರಾಳ ನೋಡಿ. ಡಂಗುರ ಕೇಳಿದ ಕೆಲವರು ಖಜಾನೆಯ ಕನಸು ಕಂಡರು, ಕೆಲವರು ರಾಜಕುಮಾರಿಯ ಕನಸು ಕಂಡರು. ಅರಮನೆಯ ಅಡುಗೆಮನೆಯಲ್ಲಿ ಅಕ್ಕಿ ಆರಿಸುವ ಚೌಡನ ಅಣ್ಣ ದ್ಯಾವಣ್ಣನೂ ಕಂಡ. ಬೆಳಿಗ್ಗೆ ಹೋದವನು ಮೊದಲ ಒಗಟಿಗೇ ಮುಗ್ಗರಿಸಿ ಸೆರೆಮನೆ ಸೇರಿದ. ತಬ್ಬಲಿ ಚೌಡನನ್ನು ಎತ್ತಿ ಆಡಿಸಿ ಬೆಳೆಸಿದವನು ಅವನೇ. ಸುದ್ದಿ ಕೇಳಿದ ಚೌಡ ಮೊರ ಕೆಳಗಿಟ್ಟು ಆಸ್ಥಾನದ ಸಾಲಿನಲ್ಲಿ ಹೋಗಿ ನಿಂತ. ಅವನಿಗೆ ಅಣ್ಣ ಮರಳಿ ಸಿಕ್ಕರೆ ಸಾಕಿತ್ತು.

ಮುಂದೆ ನಿಂತಿದ್ದ ಕಂಬಳಿ ನೇಯುವ ಹಾಲಪ್ಪ ತಿರುಗಿ ನೋಡಿದ. ಹಾಲಪ್ಪ ತನ್ನ ಬುತ್ತಿ ಬಿಚ್ಚಿ ರೊಟ್ಟಿ ಮುರಿದು ಕೊಟ್ಟ.

"ತಿನ್ನಪ್ಪಾ. ಖಾಲಿ ಹೊಟ್ಟೇಲಿ ಬುದ್ಧಿ ಓಡಲ್ಲ."

ಅರಸ ಮೊದಲ ಒಗಟು ಹೇಳಿದ. "ರಾಶಿಯಲ್ಲಿ ಹುಡುಕಿ ಹುಡುಕಿ ಆರಿಸುತ್ತಾರೆ. ಆರಿಸಿದ್ದನ್ನು ಬಿಸಾಡುತ್ತಾರೆ. ಏನದು?"

ಸಾಲಿನ ಮೊದಲಲ್ಲಿದ್ದ ಪಂಡಿತ ತಿಮ್ಮಣಾರ್ಯರು ಮುತ್ತು ಎಂದರು. ಮುತ್ತನ್ನು ಯಾರಾದರೂ ಬಿಸಾಡುತ್ತಾರೆಯೇ? ಭಟರು ಅವರನ್ನು ಎಳೆದೊಯ್ದರು. ಹಾಲಪ್ಪ ಹೂವು ಎಂದ. ಅವನನ್ನೂ ಒಯ್ದರು. ಚೌಡನ ಕೈಯಲ್ಲಿ ರೊಟ್ಟಿಯ ಚೂರು ಹಾಗೇ ಇತ್ತು.

"ಅಕ್ಕಿಯೊಳಗಿನ ಕಲ್ಲು, ಬುದ್ಧಿ," ಎಂದ ಚೌಡ. ಆರಿಸಿ ತೆಗೆದದ್ದೆಲ್ಲ ಒಳ್ಳೆಯದೇ ಎನ್ನುವವರು ಮೊರ ಹಿಡಿದವರಲ್ಲ ಎಂದು ವಿವರಿಸಿದ.

"ಸಾವಿರ ಕೈ ಒಟ್ಟಿಗೆ ಏಳುತ್ತವೆ, ಒಂದು ಮನಸ್ಸೂ ಏಳುವುದಿಲ್ಲ. ಏನದು?"

ಈ ಅರಸನ ಪಟ್ಟದ ದಿನ, ಸುತ್ತ ಕತ್ತಿಗಳಿದ್ದ ಬಯಲಿನಲ್ಲಿ ತಾನೂ ಕೈ ಎತ್ತಿದ್ದು ಚೌಡನಿಗೆ ನೆನಪಾಯಿತು.

"ಹೆದರಿ ಕೊಟ್ಟ ಒಪ್ಪಿಗೆ, ಬುದ್ಧಿ. ದೂರದಿಂದ ನೋಡಿದ್ರೆ ಊರೇ ಸೇರಿ ಚುನಾಯಿಸಿದ ಹಾಗೇ ಕಾಣುತ್ತೆ."

ಅರಸ ಸಿಟ್ಟಾಗದೆ ನಕ್ಕುಬಿಟ್ಟ. ಅದು ಚೌಡನಿಗೆ ಇನ್ನಷ್ಟು ಭಯ ಹುಟ್ಟಿಸಿತು.

"ಕೊಟ್ಟವನು ಧರ್ಮಾತ್ಮ ಎನಿಸಿಕೊಳ್ಳುತ್ತಾನೆ. ಪಡೆದವನು ಬದುಕಿರುವಷ್ಟು ದಿನ ಅಳುತ್ತಾನೆ. ಏನದು?"

ಚೌಡನಿಗೆ ಏನೂ ಹೊಳೆಯಲಿಲ್ಲ. ಅಣ್ಣನೂ ಹೋದ, ತಾನೂ ಹೋದೆ ಎಂದುಕೊಂಡ. ಗೆದ್ದರೆ ಏನು ಬೇಕು ಎಂದು ಅರಸ ಕೇಳಿದಾಗ ಸೆರೆಯಲ್ಲಿರುವವರೆಲ್ಲರೂ ಬೇಕು ಎಂದ. ಡಂಗುರದಲ್ಲಿ ಸಾರಿದ್ದು ಒಂದನ್ನು ಮಾತ್ರ ಎಂದು ಅರಸ ನೆನಪಿಸಿದ. ತಾನೇ ಅವನನ್ನು ಕರೆದೊಯ್ದು ಸೆರೆಮನೆಯ ಬಾಗಿಲು ತೆರೆಸಿದ.

ಒಳಗೆ ಮೂವರಿದ್ದರು. ಪಂಡಿತರು ಕೈ ಮುಗಿದರು. ದ್ಯಾವಣ್ಣ ತಮ್ಮನನ್ನೇ ನೋಡಿದ. ಹಾಲಪ್ಪ ಮಾತ್ರ, ಇವನಿಗೆ ಕಷ್ಟವಾಗದಿರಲಿ ಎಂಬಂತೆ, ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

"ಒಬ್ಬನನ್ನು ಆರಿಸಿಕೊಳ್ಳುವೆಯಂತೆ. ಮೊದಲು ಉತ್ತರ ಹೇಳು," ಎಂದ ಅರಸ.

ಚೌಡ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದ. "ಆಯ್ಕೆ, ಬುದ್ಧಿ. ನೀವು ಈಗ ಕೊಡ್ತಿರೋದು."

ಅರಸ ಸಂತೋಷದಿಂದ ಚಪ್ಪಾಳೆ ತಟ್ಟಿದ. ಚೌಡ ಅಣ್ಣನ ಕೈ ಹಿಡಿದ. ಬೇರೆ ಯಾರ ಕೈ ಹಿಡಿದಾನು?

ಹೊಸಿಲು ದಾಟುವಾಗ ಹಿಂದಿನಿಂದ ಹಾಲಪ್ಪನ ದನಿ ಕೇಳಿಸಿತು. "ರೊಟ್ಟಿ ತಿಂದ್ಯೇನಪ್ಪಾ?"

ಸಂಜೆಗೆ ಉಳಿದಿಬ್ಬರ ತಲೆ ಉರುಳಿತು. ಊರು ಚೌಡನಿಗೆ ಹಾರ ಹಾಕಿತು. ದ್ಯಾವಣ್ಣ ಬಹಳ ಕಾಲ ಬದುಕಿದ. ಚೌಡ ಮಾತ್ರ ಮತ್ತೆ ಮೊರ ಮುಟ್ಟಲಿಲ್ಲ. ಅನ್ನದಲ್ಲಿ ಕಲ್ಲು ಸಿಕ್ಕರೆ ಆರಿಸಿ ತೆಗೆಯದೆ ಹಾಗೇ ನುಂಗುತ್ತಿದ್ದ.