ಬೆನ್ನ ಮೇಲಿನ ಎಮ್ಮೆ

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನಂಬಿಕೆ ಬಾರದವರು ಹೊಳೆಯನ್ನೇ ಕೇಳಬಹುದು. ಅದು ಇನ್ನೂ ಅಲ್ಲೇ ಹರಿಯುತ್ತಿದೆ.

ನಮ್ಮ ಗುರುಗಳು ಎಂಥವರೆಂದರೆ, ಪ್ರಾಯದಲ್ಲಿ ಒಂದು ಎಮ್ಮೆಯನ್ನು ಬೆನ್ನ ಮೇಲೆ ಹೊತ್ತು ತುಂಬಿದ ಹೊಳೆಯನ್ನು ಈಜಿ ದಾಟಿದವರು. ಒಬ್ಬರೇ. ಎಮ್ಮೆಯ ಗೊರಸು ಸಹ ನೆನೆದಿರಲಿಲ್ಲ.

ಆಶ್ರಮಕ್ಕೆ ಸೇರಿದವರು ಮಂತ್ರಕ್ಕಿಂತ ಮೊದಲು ಈಜು ಕಲಿಯಬೇಕಿತ್ತು. ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ನೀರಿಗಿಳಿಯುವುದು. ದಡದ ಬಂಡೆಯ ಮೇಲೆ ಒಬ್ಬ ಕಾವಲು ಕೂರುವುದು. ಸೋತವನು ಕೈ ಎತ್ತಬೇಕು, ಕಾವಲಿನವನು ಧುಮುಕಬೇಕು. ನಿಯಮ ಅಷ್ಟೇ.

ಬಂಡೆಯ ಮೇಲೆ ಕೂರುತ್ತಿದ್ದವನು ಹಿರಿಯ ಶಿಷ್ಯ ಕೊಟ್ರಯ್ಯ. ಅವನು ಈಜಿದರೆ ಮೀನುಗಳು ದಾರಿ ಬಿಟ್ಟು ನಿಲ್ಲುತ್ತಿದ್ದವು. ಒಮ್ಮೆಯೂ ಕೈ ಎತ್ತಿದವನಲ್ಲ.

ಬಂಡೆಯ ಹಿಂದೆ ಒಂದು ಹೊಂಗೆ ಮರ. ದೋಣಿಗೆ ಕಾಯುವ ಜನ ಅದರ ನೆರಳಲ್ಲಿ ಪಣವಿಟ್ಟು ಕವಡೆ ಆಡುತ್ತಿದ್ದರು. ಕೊಟ್ರಯ್ಯ ಮೊದಲು ನಿಂತು ನೋಡಿದ. ಆಮೇಲೆ ಕೂತು ನೋಡಿದ. ಆಮೇಲೆ ನೋಡುವುದನ್ನು ಬಿಟ್ಟು ಆಡಿದ.

ಒಂದು ದಿನ ಅವನ ಹೆಗಲ ಮೇಲೆ ಟವಲು ಇರಲಿಲ್ಲ.

"ಟವಲು ಎಲ್ಲಿ?" ಎಂದರು ಗುರುಗಳು.

"ಗಾಳಿಗೆ ಹಾರಿಹೋಯಿತು."

ಮರುವಾರ ಕಾಲಲ್ಲಿ ಮೆಟ್ಟು ಇರಲಿಲ್ಲ.

"ನಾಯಿ ಕಚ್ಚಿಕೊಂಡು ಹೋಯಿತು."

ಕೊನೆಗೆ, ಅವನ ಅವ್ವ ತಾನೇ ನೂಲು ತೆಗೆದು ನೇಯಿಸಿ ಕಳಿಸಿದ್ದ ಕಂಬಳಿಯೂ ಕಾಣೆಯಾಯಿತು.

"ಹೊಳೆಯಲ್ಲಿ ತೇಲಿಹೋಯಿತು."

ಧ್ಯಾನಕ್ಕೆ ಕೂತರೆ ಅವನ ಬಲಗೈ ತೊಡೆಯ ಮೇಲೆ, ಕವಡೆ ಹಿಡಿದಂತೆ, ತಾನಾಗಿ ಕುಲುಕುತ್ತಿತ್ತು. ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ. ಏನು ಕೇಳಿದರೂ ಸಿಡುಕುತ್ತಿದ್ದ. ಗುರುಗಳು ಎಲ್ಲವನ್ನೂ ನೋಡುತ್ತಿದ್ದರು.

ಆಗ ನಾನು ಈಜು ಕಲಿಯುತ್ತಿದ್ದೆ. ಮೂರೇ ದಿನಕ್ಕೆ ಹೊಳೆ ನನ್ನನ್ನು ಕಂಡರೆ ಹೆದರತೊಡಗಿತ್ತು. ನಾಲ್ಕನೆಯ ದಿನ ನಡುನೀರಿನಲ್ಲಿ ಬುರುಡೆಯ ಹುರಿ ಕಳಚಿತು. ಕೈ ಎತ್ತಿದೆ. ಬಂಡೆ ಖಾಲಿಯಿತ್ತು. ಇನ್ನೊಂದು ಕೈಯನ್ನೂ ಎತ್ತಿದೆ. ಎರಡೂ ಕೈ ಎತ್ತಿದವನು ಮುಳುಗುತ್ತಾನೆ ಎಂಬುದು ನಾನೇ ಕಂಡುಹಿಡಿದದ್ದು.

ಅರ್ಧ ಹೊಳೆ ಕುಡಿದೆ. ಅಂದು ಸಂಜೆಯವರೆಗೂ ದೋಣಿಯ ತಳ ಮರಳಿಗೆ ತಾಗುತ್ತಿತ್ತು. ಜುಟ್ಟು ಹಿಡಿದು ನನ್ನನ್ನು ದಡಕ್ಕೆ ಎಳೆದು ತಂದವರು ಗುರುಗಳು, ಎಪ್ಪತ್ತರ ವಯಸ್ಸಿನಲ್ಲಿ.

ಕೊಟ್ರಯ್ಯ ಮರದ ಕೆಳಗಿಂದ ಓಡಿ ಬಂದ. ಕವಡೆಗಳು ಇನ್ನೂ ಮುಷ್ಟಿಯಲ್ಲೇ ಇದ್ದವು.

"ಇವನ ಕೈ ಕಾಣಲಿಲ್ಲವೇನೋ?"

"ಒಂದೇ ಒಂದು ಆಟ ಉಳಿದಿತ್ತು ಗುರುಗಳೇ. ಕಂಬಳಿ ವಾಪಸ್ಸು ಬರುವುದರಲ್ಲಿತ್ತು."

"ಹೊಳೆಯಿಂದಲೇ?"

ಕೊಟ್ರಯ್ಯ ತಲೆ ತಗ್ಗಿಸಿದ. "ನಾಳೆಯಿಂದ ಮುಟ್ಟುವುದಿಲ್ಲ."

"ಈ ಮಾತು ಎಷ್ಟನೆಯ ಸಲ?"

"ದಿನಾ ಹೇಳಿಕೊಳ್ಳುತ್ತೇನೆ."

"ಯಾರಿಗೆ?"

"ನನಗೇ."

"ಇನ್ನು ನಮಗೂ ಹೇಳು. ಜೊತೆಗೆ ಇರುತ್ತೇವೆ."

"ಬೇಡ ಗುರುಗಳೇ. ತಾವು ಎಮ್ಮೆಯನ್ನೇ ಹೊತ್ತು ಒಬ್ಬರೇ ಹೊಳೆ ದಾಟಿದವರು. ತಮ್ಮ ಶಿಷ್ಯ ಆರು ಕವಡೆಯನ್ನು ಒಬ್ಬನೇ ಗೆಲ್ಲಲಾರನೇ?"

ಗುರುಗಳು ನನ್ನ ಕಡೆ ನೋಡಿದರು. ನಾನು ನೀರು ಕಕ್ಕುವುದರಲ್ಲಿ ಮಗ್ನನಾದೆ.

ಮರುದಿನ ಬೆಳಿಗ್ಗೆ ಗುರುಗಳು ಕೊಟ್ರಯ್ಯನನ್ನು ನಡುಹೊಳೆಗೆ ಕಳಿಸಿದರು.

"ಅಲ್ಲೇ ಈಜುತ್ತಿರು. ಸಾಕಾದಾಗ ಏನು ಮಾಡಬೇಕೆಂದು ನಿನಗೆ ಗೊತ್ತು."

ತಾವೇ ಬಂಡೆಯ ಮೇಲೆ ಕೂತರು. ನಾವು ನಾಲ್ವರು ಬೆನ್ನಿಗೆ ಬುರುಡೆ ಕಟ್ಟಿಕೊಂಡು ನೀರಿನಂಚಿಗೆ ನಿಂತೆವು.

ಬಿಸಿಲೇರಿತು. ಸೆಳವಿಗೆ ಎದುರಾಗಿ ಅವನು ಈಜುತ್ತಲೇ ಇದ್ದ. ತೋಳು ಸೋತದ್ದು ದಡದವರೆಗೂ ಕಾಣುತ್ತಿತ್ತು.

"ಕರೆದುಬಿಡೋಣವೇ?" ಎಂದೆ.

"ಅವನು ಕರೆಯಲಿ. ಅಲ್ಲಿಯವರೆಗೆ ನಾನು ಕಣ್ಣು ತೆಗೆಯುವುದಿಲ್ಲ."

ಅವನ ತಲೆ ಒಮ್ಮೆ ಮುಳುಗಿತು. ಗುರುಗಳು ಎದ್ದು ನಿಂತರು.

ಆಗ ನೀರಿನಿಂದ ಒಂದು ಕೈ ಮೇಲೆದ್ದಿತು.

ನಾಲ್ವರೂ ಧುಮುಕಿದೆವು. ಮೊದಲು ಅವನನ್ನು ಮುಟ್ಟಿದವನು ನಾನು, ಹಿಂದಿನ ದಿನ ಮುಳುಗಿದ್ದವನು. ಉಳಿದ ಮೂವರು ಬೇರೆ ಹೇಳಿದರೆ ಅದು ಹೊಟ್ಟೆಕಿಚ್ಚು.

ದಡಕ್ಕೆ ಬಂದ ಕೊಟ್ರಯ್ಯ ಉಸಿರು ಸರಿಹೋಗುವ ಮೊದಲೇ ಬಾಯಿ ಬಿಟ್ಟ.

"ಮರದ ಕೆಳಗೂ ನನ್ನ ಕೈಲಿ ಆಗುತ್ತಿಲ್ಲ ಗುರುಗಳೇ."

ಗುರುಗಳು ತಮ್ಮ ಕಂಬಳಿಯನ್ನು ಅವನಿಗೆ ಹೊದಿಸಿದರು.

"ಆಚೆ ದಡದ ಊರಿನಲ್ಲಿ ಒಬ್ಬ ಪಂಡಿತರಿದ್ದಾರೆ. ಇಂಥ ಚಟ ಹಿಡಿದ ಕೈಗಳನ್ನು ಬಹಳ ನೋಡಿದವರು. ಮುಂದಿನ ದೋಣಿಗೆ ಹೋಗೋಣ."

"ತಾವೂ ಬರುತ್ತೀರಾ?"

"ದೋಣಿ ಹತ್ತಲು ಹೊಂಗೆ ಮರ ದಾಟಬೇಕಲ್ಲ."

ಆಮೇಲೆಯೂ ಎರಡು ಸಲ ಕೊಟ್ರಯ್ಯನ ಕಾಲು ಮರದ ಕಡೆ ತಿರುಗಿತು. ಎರಡು ಸಲವೂ ಅವನು ನಡುದಾರಿಯಲ್ಲೇ ನಿಂತು, ಒಣ ನೆಲದ ಮೇಲೆ, ಕೈ ಎತ್ತಿದ. ಎರಡು ಸಲವೂ ನಾವು ಓಡಿದೆವು. ಸುತ್ತ ಹತ್ತೂರಿನಲ್ಲಿ ಇಂಥ ಶಿಷ್ಯ ಬೇರೆ ಯಾವ ಆಶ್ರಮದಲ್ಲಿದ್ದ, ಹೇಳಿ ನೋಡೋಣ. ಹೋದಲ್ಲೆಲ್ಲ ಎದೆಯುಬ್ಬಿಸಿ ಅವನ ಮಾತೇ ಆಡಿದೆ.

ಅವನಿಗೆ ಮಾತ್ರ ನಾಚಿಕೆ ಹೋಗಿರಲಿಲ್ಲ.

ವರ್ಷ ಕಳೆದು ಒಂದು ಬೆಳಿಗ್ಗೆ ಗುರುಗಳು ಅವನಿಗೆ ಬಂಡೆಯನ್ನು ತೋರಿಸಿದರು.

"ಹೋಗಿ ಕೂತುಕೋ. ಕಾವಲು ನಿನ್ನದು."

ಕೊಟ್ರಯ್ಯ ಹಿಂದೆ ಸರಿದ. "ನಾನು ಕೈ ಎತ್ತಿದವನು. ಎಮ್ಮೆ ಹೊತ್ತವರ ಬಂಡೆಯ ಮೇಲೆ ಹೇಗೆ ಕೂರಲಿ?"

ಇಲ್ಲಿಗೆ ಬಂದ ಮೇಲೆ ಒಪ್ಪಿಕೊಳ್ಳಲೇಬೇಕು. ಇಷ್ಟು ಹೇಳಿದ್ದರಲ್ಲಿ ಒಂದೇ ಒಂದು ಸಣ್ಣ ವಿವರ ನಾನು ಕಟ್ಟಿದ್ದು. ಅದನ್ನು ಗುರುಗಳು ಅಂದೇ, ಎಲ್ಲರ ಎದುರಿಗೇ ತಿದ್ದಿದರು.

"ಎಮ್ಮೆ ನನ್ನ ಬೆನ್ನ ಮೇಲೆ ಇರಲಿಲ್ಲ ಕೊಟ್ರಯ್ಯ. ಅದರ ಬಾಲ ನನ್ನ ಕೈಯಲ್ಲಿತ್ತು."