ತೋಳ ಉಳಿಸಿದ ಮರ

ಸುಣ್ಣದ ಭಟ್ಟಿ ನಡೆಸುತ್ತಿದ್ದ ತೋಳವೊಂದು, ಹೊಗೆಯ ದೂರು ಹೆಚ್ಚಿದಾಗ, ಯಾರೂ ಮರ ಕಡಿಯದಂತೆ ತನ್ನ ದುಡ್ಡಿನಲ್ಲೇ ಪಕ್ಕದ ಕಾಡಿಗೆ ನಾಯಿಗಳ ಕಾವಲು ಹಾಕಿಸಿತು. ಮರಗಳು ಉಳಿದವು, ಹೊಗೆ ಮಾತ್ರ ಬರುತ್ತಲೇ ಇತ್ತು. ಅಲ್ಲೊಂದು ಮರದ ಪೊಟರೆಯಲ್ಲಿ ಹೆಣ್ಣು ಮಂಗಟ್ಟೆ ಹಕ್ಕಿ, ತನ್ನ ಕುಲದ ರೂಢಿಯಂತೆ ಬಾಗಿಲಿಗೆ ಮಣ್ಣು ಮೆತ್ತಿಕೊಂಡು ಒಳಗೇ ಕುಳಿತು, ಮೊಟ್ಟೆಗೆ ಕಾವು ಕೊಡುತ್ತಿತ್ತು. ಅದರ ಕೆಮ್ಮು ಕೇಳಲಾರದೆ ಗಂಡು ಹಕ್ಕಿ ತೋಳದ ಬಳಿಗೆ ಹೋಯಿತು.

“ತೋಳರಾಯರೇ, ಮರ ಉಳಿಸಿದಿರಿ, ಉಪಕಾರವಾಯಿತು. ಭಟ್ಟಿ ಆರಿಸುವುದು ಯಾವಾಗ?”

“ಆರಿಸುವುದೇ? ಆರಿಸಬಾರದೆಂದೇ ಅಲ್ಲವೇ ಮರ ಉಳಿಸಿದ್ದು! ನನ್ನ ಹೊಗೆಯನ್ನೆಲ್ಲ ಅವು ಕುಡಿಯುತ್ತವೆ.”

“ಅವುಗಳಿಗಿಂತ ಮೊದಲು ನನ್ನ ಹೆಂಡತಿ ಕುಡಿಯುತ್ತಿದ್ದಾಳೆ!”

“ಪಾಪ! ಹಾಗಾದರೆ ಇನ್ನೂ ನೂರು ಮರ ಉಳಿಸುತ್ತೇನೆ,” ಎಂದಿತು ತೋಳ.

ಮಾತಿಗೆ ತಪ್ಪದೆ ನೂರು ಮರಗಳಿಗೆ ಕಾವಲು ಹಾಕಿಸಿತು. ಆ ಧೈರ್ಯದ ಮೇಲೆ ಎರಡನೆಯ ಭಟ್ಟಿಯನ್ನೂ ಹೊತ್ತಿಸಿತು.

ಆ ಸಲ ಮೊಟ್ಟೆಗಳು ಮರಿಯಾಗಲಿಲ್ಲ. ಹೆಣ್ಣು ಹಕ್ಕಿ ಮಣ್ಣಿನ ಬಾಗಿಲು ಒಡೆದು ಹೊರಬಂದ ದಿನವೇ ಎರಡೂ ಹೊರಟು ನಿಂತವು.

“ಇಷ್ಟು ಭದ್ರವಾದ ಮರ ಬಿಟ್ಟು ಎಲ್ಲಿಗೆ?” ಎಂದು ಕಾವಲು ನಾಯಿ ಕೇಳಿತು.

“ಯಾರೂ ಉದ್ಧಾರ ಮಾಡದ ಕಾಡೊಂದಿದ್ದರೆ, ಅಲ್ಲಿಗೆ,” ಎಂದು ಗಂಡು ಮಂಗಟ್ಟೆ ರೆಕ್ಕೆ ಬಿಚ್ಚಿತು.