ಹಳೆಯ ಹಾಸಿನ ತುದಿ

ನೇಕಾರರ ಊರೊಂದರಲ್ಲಿ ಪಡದಯ್ಯ ಮಾಸ್ತರರು ಎಂಬ ಗುರುಗಳಿದ್ದರು. ಅವರು ಕಲಿಸುತ್ತಿದ್ದದ್ದು ಚೆಕ್ ಭಾಷೆ. ಅದೆಲ್ಲಿಯ ಭಾಷೆ, ಇದೆಲ್ಲಿಯ ಊರು ಎನ್ನುತ್ತೀರಾ? ಊರವರೂ ಹಾಗೇ ಕೇಳುತ್ತಿದ್ದರು. ಮಾಸ್ತರರು ಪ್ರಾಯದಲ್ಲಿ ಯುರೋಪಿನ ಚೆಕ್ ದೇಶಕ್ಕೆ ಹೋಗಿ, ಮಗ್ಗದ ಯಂತ್ರ ಮಾಡುವ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ದುಡಿದಿದ್ದರು. ಬರುವಾಗ ಒಂದು ಉಣ್ಣೆಯ ಟೋಪಿಯನ್ನೂ ಆ ಭಾಷೆಯನ್ನೂ ತಂದಿದ್ದರು. ಟೋಪಿಯನ್ನು ನುಸಿ ತಿಂದಿತು, ಭಾಷೆ ಉಳಿಯಿತು.

ಅವರಿಗಿದ್ದದ್ದು ಒಬ್ಬಳೇ ಶಿಷ್ಯೆ, ಮಹಾನಂದಾ. ಬಲು ಜಾಣೆ. ನಿಘಂಟು ಹಿಡಿದು ಕೂತರೆ ಊಟಕ್ಕೆ ಏಳುವವಳಲ್ಲ.

ಅದೇ ಊರಿನಲ್ಲಿ ದಾನವ್ವ ಎಂಬ ನೇಕಾರ ಅಜ್ಜಿ ಇದ್ದಳು. ಮೊಣಕಾಲು ಸೋತು ಮಗ್ಗ ತುಳಿಯಲು ಆಗದಂತಾಗಿತ್ತು. ಅವಳ ಅತ್ತೆ ಕೂತು ನೇಯ್ದ ಮಗ್ಗ ಅದು, ಅರವತ್ತು ವರ್ಷ ಒಂದು ದಿನವೂ ಬರಿದಾಗಿರಲಿಲ್ಲ. ಊರಿನಲ್ಲಿ ಕೈಮಗ್ಗ ಕೇಳುವವರು ಯಾರೂ ಇರಲಿಲ್ಲ, ಸೌದೆಗೆ ಕೇಳುವವರಿದ್ದರು. ಆಗ ಮಾಸ್ತರರು ಬರೆದ ಕಾಗದ ನೋಡಿ, ಚೆಕ್ ದೇಶದ ನೇಯ್ಗೆ ಶಾಲೆಯೊಂದು ಆ ಮಗ್ಗ ತನಗೆ ಬೇಕೆಂದಿತು. ಕೊಂಡೊಯ್ಯಲು ಯಾರ್ಮಿಲಾ ಎಂಬ ಶಿಕ್ಷಕಿಯೇ ಬಂದಳು.

ದಾನವ್ವ ದುಡ್ಡಿನ ಮಾತು ಎತ್ತಲಿಲ್ಲ. "ಮಾಸ್ತರ, ನನ್ನ ಮಗ್ಗ ಅಲ್ಲಿ ಹೋಗಿ ಗ್ವಾಡಿಗೆ ಚಂದ ಅಂತ ನಿಲ್ಲಬಾರದು ನೋಡ್ರಿ. ಅದು ನೇಯಬೇಕು. ಅದು ನಿಂತ್ರ ನಾನೂ ನಿಂತಂಗ" ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

ಮಾಸ್ತರರು ಮಹಾನಂದಾಳಿಗೆ ಮೊದಲ ಕೆಲಸ ಕೊಟ್ಟರು. ಮಗ್ಗದಲ್ಲಿ ನೇಯ್ಗೆ ಶುರುಮಾಡುವುದು ಹೇಗೆ ಎಂದು ದಾನವ್ವ ಹೇಳಬೇಕು. ಅದನ್ನು ಮಹಾನಂದಾ ಚೆಕ್ ಭಾಷೆಗೆ ಇಳಿಸಬೇಕು.

ದಾನವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಲೇ ಹೇಳಿದಳು, ಮಹಾನಂದಾ ಬರೆದುಕೊಂಡಳು. ನೇಯ್ದು ಮುಗಿದ ಸೀರೆ ಕತ್ತರಿಸಿ ಇಳಿಸುವುದು, ಹೊಸ ಹಾಸು ಏರಿಸುವುದು, ನೇಯಲು ಶುರುಮಾಡುವುದು. ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ನೂಲು. ಇಷ್ಟೇ ಮಾತು. ಆದರೆ ಮಹಾನಂದಾ 'ಶುರು' ಎಂಬಲ್ಲಿ ಸಿಕ್ಕಿಕೊಂಡಳು.

ನಮ್ಮಲ್ಲೇ ನೋಡಿ, ಪೂಜೆ ಆರಂಭವಾಗುತ್ತದೆ, ಮಳೆ ಹಿಡಿಯುತ್ತದೆ, ಜಗಳ ಹತ್ತಿಕೊಳ್ಳುತ್ತದೆ. ಚೆಕ್ಕರಲ್ಲೂ ಹಾಗೆಯೇ. ಸಭೆ ಶುರುಮಾಡಲು ಅವರು 'ಜಹಾಯಿತ್' ಎನ್ನುತ್ತಾರೆ, ಯಂತ್ರ ಶುರುಮಾಡಲು 'ಸ್ಪುಸ್ತಿತ್'. ಕೆಲಸದ ಮೊದಲಿಗೆ 'ಜಚಾಟೆಕ್', ಲೋಕದ ಮೊದಲಿಗೆ 'ಪೊಚಾಟೆಕ್'. ಮಗ್ಗ ಇದರಲ್ಲಿ ಯಾವುದು? ಸಭೆಯೇ, ಯಂತ್ರವೇ, ಲೋಕವೇ? ಮಹಾನಂದಾ ನಾಲ್ಕು ದಿನ ಯೋಚಿಸಿದಳು. ಬರೆದಳು, ಹೊಡೆದು ಹಾಕಿದಳು, ಮತ್ತೆ ಬರೆದಳು. ಐದನೆಯ ದಿನ ಒಂದು ಪದ ಆರಿಸಿ, ಗೆದ್ದ ಮುಖ ಮಾಡಿಕೊಂಡು ಗುರುಗಳ ಮುಂದೆ ಕಾಗದ ಇಟ್ಟಳು.

ಮಾಸ್ತರರು ಮೂರು ಸಲ ಓದಿದರು. "ಒಂದೂ ತಪ್ಪಿಲ್ಲವ್ವ" ಎಂದರು. "ಆದ್ರ ಅಲ್ಲಿ ಇದನ್ನ ಓದಿ ಹೇಳಾಕ ನಾನೂ ಇರಂಗಿಲ್ಲ, ದಾನವ್ವನೂ ಇರಂಗಿಲ್ಲ. ಕಾಗದ ಒಂದ ಮಾತಾಡಬೇಕು. ನಾಳೆ ಪರೀಕ್ಷೆ ಮಾಡಿಬಿಡೂಣು."

ಮರುದಿನ ಎಲ್ಲರೂ ದಾನವ್ವನ ಮನೆಯಲ್ಲಿ ಸೇರಿದರು. ಕಾಗದ ಯಾರ್ಮಿಲಾಳ ಕೈಗೆ ಹೋಯಿತು. ಅವಳು ಅದನ್ನು ಓದಿ ಅದರಂತೆಯೇ ಮಾಡಬೇಕು, ಉಳಿದವರು ತುಟಿ ಬಿಚ್ಚಬಾರದು. ಇದು ಪರೀಕ್ಷೆಯ ಕಟ್ಟಳೆ.

ಯಾರ್ಮಿಲಾ ಕಾಗದ ಓದಿದಳು. ಎಲ್ಲೂ ತಡವರಿಸಲಿಲ್ಲ. ಮಹಾನಂದಾಳ ಮುಖ ಅರಳಿತು. ಯಾರ್ಮಿಲಾ ಕತ್ತರಿ ತೆಗೆದುಕೊಂಡು, ನೇಯ್ದಿದ್ದ ನೀಲಿ ಸೀರೆಯನ್ನು ಕತ್ತರಿಸಿ ಇಳಿಸಿದಳು, ಅಚ್ಚುಕಟ್ಟಾಗಿ ಮಡಚಿಟ್ಟಳು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಹಳೆಯ ಹಾಸಿನ ತುದಿಗಳು ಗೇಣುದ್ದ ಉಳಿದಿದ್ದವು. ಹೊಸದು ಶುರುಮಾಡಬೇಕಲ್ಲ? ಅವಳು ಆ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದು ಸರಕ್ಕನೆ ಎಳೆದು ಹಾಕಿದಳು. ಪಾಪ, ಮಗ್ಗವನ್ನು ಚೊಕ್ಕ ಮಾಡುತ್ತಿದ್ದಳು.

ಇನ್ನೊಂದು ಮುಷ್ಟಿಗೆ ಕೈ ಹಾಕಿದ್ದಳು, ಅಷ್ಟರಲ್ಲಿ ದಾನವ್ವ ಕಟ್ಟಳೆ ಮುರಿದಳು.

"ಯವ್ವಾ! ಕೈ ತಗೀ! ಅರವತ್ತು ವರ್ಸದ ಎಳಿ ಅದು!"

ಮಾತು ತಿಳಿಯದಿದ್ದರೂ ಕೂಗು ತಿಳಿಯಿತು. ಯಾರ್ಮಿಲಾ ಬೆದರಿ ಕೈ ಬಿಟ್ಟಳು. ದಾನವ್ವ ಮೊಣಕಾಲು ಮರೆತು ಬಂದು ಮಗ್ಗವನ್ನು ತಬ್ಬಿಕೊಂಡಳು.

ಆಗಿದ್ದೇನು ಗೊತ್ತೇ? ನೇಕಾರರು ಮಗ್ಗವನ್ನು ಎಂದೂ ಬರಿದು ಮಾಡುವುದಿಲ್ಲ. ಹಳೆಯ ಹಾಸಿನ ತುದಿಗಳನ್ನು ಹಣಿಗೆಯಲ್ಲೇ ಬಿಟ್ಟು, ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆ ಗಂಟು ಹಾಕುತ್ತಾರೆ. ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆ ತಾನಾಗಿ ದಾರಿ ಹಿಡಿದು ಬರುತ್ತದೆ. ದಾನವ್ವನ ಅತ್ತೆ ಕಟ್ಟಿದ ಹಾಸಿನ ತುದಿಗೆ ದಾನವ್ವನ ಹಾಸು ಗಂಟಾಗಿತ್ತು. ಅದಕ್ಕೆ ಮುಂದಿನದು, ಅದಕ್ಕೆ ಅದರ ಮುಂದಿನದು. ತುದಿ ಕಿತ್ತರೆ ಎರಡು ಸಾವಿರ ಎಳೆಗಳನ್ನು ಮೊದಲಿನಿಂದ ಒಂದೊಂದಾಗಿ ಪೋಣಿಸಬೇಕು.

"ಇದನ್ನ ನೀವು ನನಗ ಹೇಳೇ ಇಲ್ಲಲ್ಲ ಆಯಿ!" ಎಂದಳು ಮಹಾನಂದಾ. ಅವಳಿಗೆ ಅಳು ಬಂದಿತ್ತು.

"ಅದನ್ನೇನ ಹೇಳೂದವ್ವ? ಕೂಸಿಗೂ ಗೊತ್ತದು!"

"ನಾನು ನೇಕಾರರ ಕೂಸಲ್ಲ ಆಯಿ. ನಮ್ಮಪ್ಪಂದು ಕಿರಾಣಿ ಅಂಗಡಿ."

ಮಾಸ್ತರರು ತಲೆಯ ಮೇಲೆ ಕೈ ಹೊತ್ತು ಕೂತರು. "ನಾನು ನೇಕಾರರ ಮನಿಯಾಗ ಹುಟ್ಟಿದಾಂವ. ಮೂರು ಸಲ ಓದಿದೆ, ನನಗೂ ಕಾಣಲಿಲ್ಲ. ಗೊತ್ತಿದ್ದದ್ದನ್ನ ಕಣ್ಣು ತಾನಾಗೇ ಓದಿಕೊಂಡು ಹೋತು" ಎಂದರು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಡೆದದ್ದನ್ನು ಅವರು ಯಾರ್ಮಿಲಾಳಿಗೆ ಚೆಕ್ ಭಾಷೆಯಲ್ಲಿ ತಿಳಿಸಿದರು. ಅವಳು ಕೆಂಪಾದಳು. ತಾನು ಕಲಿಸುವುದು ಮಕ್ಕಳ ಪುಟ್ಟ ಚೌಕಟ್ಟಿನ ಮಗ್ಗದಲ್ಲಿ, ಅಲ್ಲಿ ಪ್ರತಿ ಸಲವೂ ಖಾಲಿ ಚೌಕಟ್ಟಿನಿಂದಲೇ ಶುರು ಎಂದಳು. ಆಮೇಲೆ ಸ್ವಲ್ಪ ಯೋಚಿಸಿ ಹೇಳಿದಳು: "ನನ್ನ ಅಜ್ಜಿ ನಿನ್ನೆಯ ಹುಳಿ ಹಿಟ್ಟನ್ನು ಒಂದು ಹಿಡಿ ಎತ್ತಿಟ್ಟು, ಅದರಿಂದ ಇವತ್ತಿನ ಬ್ರೆಡ್ಡು ಮಾಡುತ್ತಿದ್ದಳು. ಎತ್ತಿಡು ಎಂದು ನನಗೆ ಯಾರೂ ಹೇಳಲಿಲ್ಲ. ಒಮ್ಮೆ ಪೂರ್ತಿ ಬಳಸಿಬಿಟ್ಟೆ. ಆ ವಾರ ಮನೆಯಲ್ಲಿ ಬ್ರೆಡ್ಡಿಲ್ಲ!"

ಮಾಸ್ತರರು ಇದನ್ನು ಕನ್ನಡದಲ್ಲಿ ಹೇಳಿದಾಗ ದಾನವ್ವನಿಗೆ ಅಳುವಿನ ನಡುವೆಯೇ ನಗು ಬಂತು. "ನಮ್ಮ ಹೆಪ್ಪಿನಂಗ ಬಿಡು ಹಂಗಾರ. ಹೆಪ್ಪು ಉಳಸದ ಮೊಸರು ಉಂಡ್ರ ನಾಳಿಗೆ ಎಲ್ಲಿಂದ ಬರಬೇಕು?"

ಕಿತ್ತು ಹೋದದ್ದು ಮುನ್ನೂರು ಎಳೆ. ಮಹಾನಂದಾ ನಿಘಂಟು ಮುಚ್ಚಿಟ್ಟು ದಾನವ್ವನ ಪಕ್ಕದಲ್ಲಿ ಕೂತಳು. ಯಾರ್ಮಿಲಾ ಇನ್ನೊಂದು ಪಕ್ಕದಲ್ಲಿ. ಮೂವರೂ ಎರಡು ದಿನ ಎಳೆ ಪೋಣಿಸಿದರು. ಆ ಮುನ್ನೂರಕ್ಕೆ ಹಿಂದಿನ ನಂಟು ಕಡಿದೇ ಹೋಗಿತ್ತು, ಮಿಕ್ಕವುಗಳ ನಂಟು ಉಳಿಯಿತು. ಮಹಾನಂದಾ ಮಾತ್ರ ಸುಮ್ಮನಿರಲಿಲ್ಲ. "ಇದ್ಯಾಕ ಹಿಂಗ? ಇದನ್ನ ಬಿಟ್ರ ಏನಾಗತೈತಿ?" ಎಂದು ತಲೆ ತಿನ್ನುತ್ತಲೇ ಇದ್ದಳು. ಕೂಸಿಗೂ ಗೊತ್ತಿರುವಂಥ ಸಂಗತಿಗಳು ಇನ್ನೂ ಏಳು ಹೊರಬಿದ್ದವು.

ಕಾಗದವನ್ನು ಹೊಸದಾಗಿ ಬರೆದದ್ದಾಯಿತು. ನಾಲ್ಕು ದಿನ ಹುಡುಕಿ ಆರಿಸಿದ್ದ ಪದ ಹಾಗೇ ಇತ್ತು. ಅದು ಮೊದಲೂ ಸರಿಯಾಗಿಯೇ ಇತ್ತು. ಆದರೆ ಅದಕ್ಕಿಂತ ಮೇಲೆ, ಎಲ್ಲಕ್ಕೂ ಮೊದಲು, ಈಗ ಒಂದು ಸಾಲು ಬಂದಿತ್ತು: 'ಹಳೆಯ ಹಾಸಿನ ತುದಿಗಳನ್ನು ಕೀಳಬೇಡಿ. ಅವುಗಳಿಗೇ ಹೊಸದನ್ನು ಗಂಟು ಹಾಕಿ.'

ಮಗ್ಗ ಹಡಗು ಹತ್ತಿತು. ಅದು ಹೋದ ಮೂಲೆಯನ್ನು ನೋಡುತ್ತ ದಾನವ್ವ ಐದು ತಿಂಗಳು ಕಳೆದಳು. ಒಂದು ಮಧ್ಯಾಹ್ನ ಯಾರ್ಮಿಲಾ ಕಳಿಸಿದ ಲಕೋಟೆಯೊಂದನ್ನು ಹಿಡಿದು ಮಹಾನಂದಾ ಓಡಿ ಬಂದಳು. ಒಳಗೆ ಅಂಗೈ ಅಗಲದ ಬಟ್ಟೆಯ ತುಂಡು. ಅರ್ಧ ದಾನವ್ವನ ನೀಲಿ, ಅರ್ಧ ಯಾವುದೋ ಹೊಸ ಹಸಿರು. ನಡುವೆ ಸಣ್ಣ ಸಣ್ಣ ಗಂಟುಗಳ ಸಾಲು.

ದಾನವ್ವ ಗಂಟುಗಳ ಮೇಲೆ ಬೆರಳಾಡಿಸಿದಳು. ಒಂದನ್ನು ಉಗುರಿನಿಂದ ಎಳೆದು ನೋಡಿದಳು. ಬಿಚ್ಚಲಿಲ್ಲ.

"ಗಟ್ಟಿ ಹಾಕ್ಯಾಳ" ಎಂದಳು. "ಮಗ್ಗ ನಿಂತಿಲ್ಲ ನೋಡವ್ವ."

ನೀತಿ: ಮನೆಮಂದಿಗೆಲ್ಲ ಗೊತ್ತಿರುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಸಬರಿಗೆ ಮೊಟ್ಟಮೊದಲು ಹೇಳಬೇಕಾದದ್ದು ಆ ಮಾತನ್ನೇ.